ಅಜ್ಜನ ಬಾಗಿಲು, ಬೀಗಿತ್ತಿಯ ಊಟ

ನಮ್ಮ ಕಡೆ ಮನೆಯೊಳಗೆ ಬಂದು ಕೂತವರನ್ನು "ನೀವು ಯಾರು?" ಎಂದು ಯಾರೂ ಕೇಳುವುದಿಲ್ಲ. ಹಾಗೆ ಕೇಳಿದರೆ "ಎದ್ದು ಹೋಗಿ" ಎಂದ ಹಾಗೆ. ಬಂದವರೂ ಕೇಳುವುದಿಲ್ಲ, ನೆಂಟರ ಮುಖ ಮರೆತವನು ಎಂಬ ಅಪವಾದ ಯಾರಿಗೆ ಬೇಕು? ಕಾಲಿಗೆ ನೀರು, ಕುಡಿಯಲು ಮಜ್ಜಿಗೆ, ಆಮೇಲೆ ಊಟ. ಯಾರು ಏನು ಎಂಬುದೆಲ್ಲ ಮಾತಿನ ನಡುವೆ ತಾನಾಗಿಯೇ ಹೊರಬೀಳಬೇಕು. ಮದುವೆ ಮನೆಗಳಲ್ಲಿ ಯಾರೋ ಬಂದು ಹೆಗಲು ತಟ್ಟಿ "ಚೆಂದಾಗಿದ್ದೀಯೇನ್ಲಾ?" ಎಂದರೆ, ನಾನು ಅವರ ಹಸುಗಳಿಂದ ಹಿಡಿದು ಮೊಮ್ಮಕ್ಕಳವರೆಗೆ ಕ್ಷೇಮ ವಿಚಾರಿಸಿ, ಅವರು ಅತ್ತ ಹೋದ ಮೇಲೆ ಹೆಂಡತಿಯನ್ನು "ಯಾರೇ ಅದು?" ಎಂದು ಕೇಳುತ್ತೇನೆ. "ನಿಮ್ಮ ಕಡೆಯವರು ಅಂದುಕೊಂಡೆ" ಎನ್ನುತ್ತಾಳೆ ಅವಳು.

ಈ ಪದ್ಧತಿಯೊಳಕ್ಕೆ ಡೆನ್ಮಾರ್ಕಿನ ಹೆಂಗಸೊಬ್ಬರನ್ನು ಕರೆದುಕೊಂಡು ಹೋದರೆ ಏನಾಗುತ್ತದೆಂದು ನನಗೆ ಹೋದ ಚಳಿಗಾಲದಲ್ಲಿ ತಿಳಿಯಿತು. ನನ್ನ ಅಕ್ಕನ ಮಗಳು ಆ ದೇಶದಲ್ಲಿ ನರ್ಸು. ಅಲ್ಲಿಯ ಹುಡುಗನನ್ನೇ ಅಲ್ಲಿಯೇ ಮದುವೆಯಾದಳು. ಅವನ ತಾಯಿ ಇಂಗ್ರಿಡ್, ಅಂದರೆ ಅಕ್ಕನ ಬೀಗಿತ್ತಿ, ನಮ್ಮ ಸೀಮೆ ನೋಡಲು ಬಂದರು. ನಾನು ನಾಗಮಂಗಲದಲ್ಲಿ ಇಂಗ್ಲಿಷ್ ಮೇಷ್ಟ್ರಾದ್ದರಿಂದ ಒಂದು ದಿನ ಅವರನ್ನು ಸುತ್ತಾಡಿಸುವ ಕೆಲಸ ನನ್ನ ತಲೆಗೆ ಬಂತು. "ಕ್ವಾಟೆ ತೋರ್ಸು, ಕರಿಘಟ್ಟ ಅತ್ಸು, ಏನಾರ ಮಾಡು," ಎಂದಳು ಅಕ್ಕ. "ಆದ್ರೆ ಅವ್ರು ಮೊದ್ಲು ಉಣ್ಬೇಕಾದ್ದು ಚಿನಕುರಳೀಲಿ, ದೊಡ್ಡಮ್ಮನ ಮನೇಲಿ. ಮದ್ವೇಗೆ ಕರೀಲಿಲ್ಲ ಅಂತ ನನ್ ಜತೆ ಮಾತೇ ಬುಟ್ಟವ್ಳೆ. ಬೀಗಿತ್ತಿ ನನ್ ಮನೇಲಿ ಹೊಟ್ಟೆ ತುಂಬ ಉಣ್ಲಿ, ಆಮೇಲೆ ಮಾತಾಡ್ತೀನಿ ಅಂದವ್ಳೆ ಕಣ್ಲಾ." ನಮ್ಮಿಬ್ಬರನ್ನೂ ಎತ್ತಿ ಆಡಿಸಿ ಬೆಳೆಸಿದವಳು ದೊಡ್ಡಮ್ಮ. ಇದನ್ನು ಹೇಳುವಾಗ ಅಕ್ಕನ ಕಣ್ಣು ತುಂಬಿತ್ತು.

ಹಾಗಾಗಿ ಬೆಳಗಿನಿಂದ ಬೀಗಿತ್ತಿಯನ್ನು ಹಸಿವಿನಲ್ಲೇ ಇಟ್ಟೆ. ಶ್ರೀರಂಗಪಟ್ಟಣದ ಕೋಟೆಯ ಬಳಿ ಅವರು ಉಪ್ಪುಖಾರ ಹಚ್ಚಿದ ಸೌತೆಕಾಯಿ ಕಂಡು ನಿಂತರು. ನಾನು ಅವರನ್ನು ಇತಿಹಾಸದ ಕಡೆ ತಿರುಗಿಸಿದೆ. ಕರಿಘಟ್ಟದ ಮೇಲೆ "ಇಲ್ಲಿ ತಿನ್ನಲು ಏನಾದರೂ ಸಿಗುತ್ತದೆಯೇ?" ಎಂದರು, ಕೆಳಗೆ ಲೋಕಪಾವನಿ ಹೊಳೆ ಎಷ್ಟು ಚೆನ್ನಾಗಿ ಕಾಣುತ್ತಿದೆ ನೋಡಿ ಎಂದೆ. ಕಿರಂಗೂರಿನಲ್ಲಿ ನನ್ನ ಹೆಂಡತಿಯ ಚಿಕ್ಕಪ್ಪ ಬಿಸಿ ಉಪ್ಪಿಟ್ಟು ತಂದಿಟ್ಟರು. ಬೀಗಿತ್ತಿಗೆ ಇವತ್ತು ಉಪವಾಸ ಎಂದು ಹೇಳಿಬಿಟ್ಟೆ. ಚಿಕ್ಕಪ್ಪ ಭಕ್ತಿಯಿಂದ ಅವರಿಗೆ ಕೈ ಮುಗಿದರು. ಇಂಗ್ರಿಡ್ ಉಪ್ಪಿಟ್ಟನ್ನೇ ನೋಡುತ್ತ ಕೈ ಮುಗಿದರು.

ಚಿನಕುರಳಿ ತಲುಪಿದ ಮೇಲೆ ನಿಜವಾದ ಗಲಿಬಿಲಿ ಶುರುವಾಯಿತು. ದೊಡ್ಡಮ್ಮನವರು ಹೊಸ ಮನೆ ಕಟ್ಟಿಸಿದ ಮೇಲೆ ನಾನು ಅತ್ತ ಹೋಗಿರಲಿಲ್ಲ. ಈಗ ನೋಡಿದರೆ ಎಲ್ಲವೂ ತಾರಸಿ ಮನೆ, ಎಲ್ಲಕ್ಕೂ ಅದೇ ಗುಲಾಬಿ ಬಣ್ಣ. ಯಾರನ್ನಾದರೂ ಕೇಳಬಹುದಿತ್ತು. ಆದರೆ ಪರದೇಶದವರ ಎದುರಿಗೆ, ನನ್ನ ಸ್ವಂತ ಊರಿನಲ್ಲಿ, ನನ್ನ ದೊಡ್ಡಮ್ಮನ ಮನೆಗೆ ದಾರಿ ಕೇಳುವುದೇ? ಅಷ್ಟರಲ್ಲಿ ಒಂದು ಬಾಗಿಲು ಕಣ್ಣಿಗೆ ಬಿತ್ತು. ನಮ್ಮದು ಮರಗೆಲಸದ ಮನೆತನ. ಬಾಗಿಲಿನ ಮೇಲೆ ಬಳ್ಳಿ, ಬಳ್ಳಿಯ ಎರಡು ಕೊನೆಗೆ ಒಂದಕ್ಕೊಂದು ಬೆನ್ನು ಮಾಡಿ ಕೂತ ಗಿಳಿಗಳು. ಅಜ್ಜನ ಕೈಕೆಲಸ! ಮೈ ಜುಮ್ಮೆಂದಿತು. ಹೊಸ ಮನೆಗೂ ಹಳೇ ಬಾಗಿಲನ್ನೇ ಕೂರಿಸಿದ್ದಾರೆ ಎಂದುಕೊಂಡು, ಇಂಗ್ರಿಡ್‌ಗೆ ಗಿಳಿಗಳ ಬಗ್ಗೆ ಸಣ್ಣ ಭಾಷಣ ಮಾಡಿ ಒಳಗೆ ನಡೆದೆ. ಅಜ್ಜ ಬದುಕಿದ್ದಷ್ಟು ದಿನವೂ ಊರಿನವರಿಗೆಲ್ಲ ಬಾಗಿಲು ಮಾಡಿಕೊಟ್ಟೇ ಸಂಸಾರ ಸಾಕಿದವರು ಎಂಬುದು ಆಗ ತಲೆಗೆ ಹೊಳೆಯಲಿಲ್ಲ.

ಒಬ್ಬ ಹೆಂಗಸು ಎದುರಾದರು. ದೊಡ್ಡಮ್ಮನ ಸೊಸೆ ಇರಬೇಕು. ಆ ಮದುವೆಗೂ ನಾನು ಹೋಗಿರಲಿಲ್ಲ. "ದೊಡ್ಡಮ್ಮ ಎಲ್ಲವ್ವ?" ಎಂದೆ. "ಎಮ್ಮೆ ಹೊಡ್ಕೊಂಡು ಹೋಗವ್ರೆ, ಬತ್ತಾರೆ. ಬಿಸ್ಲಲ್ಲಿ ಬಂದಿದ್ದೀರ, ಕಾಲ್ ತೊಳ್ಕಳಿ, ಮುದ್ದೆ ತೊಳಸ್ಬುಡ್ತೀನಿ" ಎಂದರು. ಈ ವಯಸ್ಸಿನಲ್ಲಿ ದೊಡ್ಡಮ್ಮನ ಕೈಲಿ ಎಮ್ಮೆ ಕಾಯಿಸುತ್ತಾರಲ್ಲ ಎಂದು ಮನಸ್ಸಿಗೆ ಬೇಜಾರಾಯಿತು. ಇಂಗ್ರಿಡ್ ಬಸ್ಸಾರಿನಲ್ಲಿ ಎರಡು ಮುದ್ದೆ ಉಂಡರು. ಅಷ್ಟು ಹೊತ್ತಿಗೆ ಮನೆಯ ಯಜಮಾನ ಬೈಕು ನಿಲ್ಲಿಸಿ ಬಂದು, "ಯಾವಾಗ್ ಬಂದ್ರಿ? ಉಣ್ಣಿ, ಉಣ್ಣಿ" ಎಂದು ನಗುನಗುತ್ತ ಅಡುಗೆಮನೆಗೆ ಹೋದ. ಅಲ್ಲಿಂದ ಪಿಸುಮಾತು ಕೇಳಿಸಿತು.

"ಯಾರಮ್ಮೀ ಅವ್ರು? ನಿಮ್ಮೂರ್ ಕಡೆಯೋರಾ?"

"ಅಯ್ಯೋ, ನಿಮ್ ನೆಂಟ್ರು ಅಂತ ಅಲ್ವಾ ನಾನು ಮುದ್ದೆ ತೊಳಸಿದ್ದು!"

"ಬೆಳ್ಗಿರೋ ನೆಂಟ್ರು ನಂಗೆಲ್ಲವ್ರೆ?"

ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಅಡುಗೆಮನೆ ಬಾಗಿಲಿಗೆ ಹೋದೆ. ವಿಷಯ ಹೇಳಿದಾಗ ಆತ ಹೊಟ್ಟೆ ಹಿಡಿದುಕೊಂಡು ನಕ್ಕ. "ಆಚಾರ್ರ ಮನೇನಾ? ಆಚೆ ಬೀದಿ ಕೊನೇಲಿ ಕಬ್ಬಿಣದ ಬಾಗ್ಲು ಹಾಕವ್ರಲ್ಲ, ಅದೇಯ. ಈ ಗಿಳಿ ಬಾಗ್ಲು ಊರೊಳ್ಗೆ ಸಿಕ್ಕಾಪಟ್ಟೆ ಅವೆ. ಇರ್ಲಿ, ಮಜ್ಗೆ ಕುಡ್ದೋಗಿ."

ಕಾರಿನಲ್ಲಿ ಇಂಗ್ರಿಡ್‌ಗೆ ನಿಜ ಹೇಳಿದೆ. "ನೆಂಟರಲ್ಲದಿದ್ದರೆ ಊಟ ಏಕೆ ಕೊಟ್ಟರು?" ಎಂದರು. "ನಾವು ಒಳಗೆ ಹೋದೆವಲ್ಲ" ಎಂದೆ. ಇನ್ನೊಂದು ಊಟ ಕಾದಿದೆ, ಅದನ್ನು ಬಿಟ್ಟರೆ ಅಕ್ಕನ ಮುಖ ದೊಡ್ಡಮ್ಮ ನೋಡುವುದಿಲ್ಲ ಎಂದು ವಿವರಿಸಿದಾಗ, ಆ ಪುಣ್ಯಾತ್ಗಿತ್ತಿ ಬೆಲ್ಟು ಸಡಿಲಿಸಿಕೊಂಡರು.

ಕಬ್ಬಿಣದ ಬಾಗಿಲ ಮುಂದೆ ಅವರನ್ನು ಇಳಿಸಿ, ಕಾರನ್ನು ನೆರಳಿಗೆ ನಿಲ್ಲಿಸಿ ಬಂದೆ. ನನ್ನ ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಬೀಗಿತ್ತಿಯ ಚೀಲ, ಛತ್ರಿ, ನೀರಿನ ಬಾಟಲಿ. ಒಳಗೆ ದೊಡ್ಡಮ್ಮ ಆಗಲೇ ಇಂಗ್ರಿಡ್‌ರನ್ನು ಎಲೆ ಮುಂದೆ ಕೂರಿಸಿ ಕೆನ್ನೆ ಸವರುತ್ತಿದ್ದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು. ನನ್ನ ಕಡೆ ತಿರುಗಿ, "ಕಾರ್ನೋನ್ಗೂ ಜಗುಲಿ ಮ್ಯಾಲೆ ಎಲೆ ಹಾಕವ್ವ" ಎಂದು ಸೊಸೆಗೆ ಹೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಎಲೆ ಬಿತ್ತು. ಇಂಗ್ರಿಡ್ ಬೆವರುತ್ತ ಅನ್ನ, ಸಾರು, ಪಾಯಸ ಎಲ್ಲವನ್ನೂ ಉಂಡು ಎಲೆ ಖಾಲಿ ಮಾಡಿದರು. ದೊಡ್ಡಮ್ಮ ಸೊಸೆಯ ಕೈಲಿ ಅಕ್ಕನಿಗೆ ಫೋನು ಹಚ್ಚಿಸಿ, "ನಿನ್ ಬೀಗಿತ್ತಿ ಚೆಂದಾಗಿ ಉಂಡ್ಲು ಕಣವ್ವ" ಎಂದಳು. ಆಮೇಲೆ ಇಬ್ಬರೂ ಅತ್ತರು, ಬೇರೆ ಮಾತೇ ಆಗಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ನಾನು ಡ್ರೈವರು ಎಂಬುದೇ ಮರೆತುಹೋಯಿತು.

ದೊಡ್ಡಮ್ಮ ಮರೆತಿರಲಿಲ್ಲ. ಒಂದು ತಟ್ಟೆ ಹಿಡಿದು ಜಗುಲಿಗೆ ಬಂದಳು. "ಇವ್ರ ಜತೇಗೆ ನಮ್ ಹುಡ್ಗ ಬತ್ತಾನೆ ಅಂದಿದ್ರಪ್ಪ. ಅವ್ನಿಗೆ ಇಷ್ಟ ಅಂತ ಕಾಯೊಬ್ಬಟ್ಟು ಬೇರೆ ಮಾಡಿ ಎತ್ತಿಟ್ಟಿದ್ದೆ. ನೋಡು, ನಿನ್ ಕೈಲಿ ಕಳ್ಸ್ಬುಟ್ಟವ್ನೆ. ದೊಡ್ಡ ಮನ್ಸ ಆಗ್ಬುಟ್ಟ. ತಗೋ, ನೀನಾರ ತಿನ್ನು."

ನಾನೇ ದೊಡ್ಡಮ್ಮ, ಎನ್ನಬೇಕಿತ್ತು. ತಟ್ಟೆಗೆ ಕೈ ಚಾಚಿದೆ. ಹೊಟ್ಟೆಯಲ್ಲಿ ಎಳ್ಳಷ್ಟೂ ಜಾಗವಿಲ್ಲದಿದ್ದರೂ ನನ್ನ ಪಾಲಿನ ಒಬ್ಬಟ್ಟನ್ನು ಡ್ರೈವರಾಗಿ ತಿಂದು ಮುಗಿಸಿದೆ. ದೊಡ್ಡಮ್ಮ ತಾನೇ ನನ್ನ ಕೈಗೆ ನೀರು ಹಾಕಿದಳು.

"ಅವ್ನು ಸಿಕ್ಕಿದ್ರೆ ಯೋಳಪ್ಪ, ಒಂದ್ ದಪ ಬಂದೋಗ್ಲಿ ಅಂತ."

"ಯೋಳ್ತೀನಿ" ಎಂದು ಹೇಳಿ ಕಾರು ಹತ್ತಿದೆ.