ಪಂಡರಿಯ ಏಕಾಂಗಿ ಗಾಯನ

ಬಸವಕಲ್ಯಾಣದ ಗಾಯನ ಪ್ರೋತ್ಸಾಹಕ ಸಂಘವು ೧೯೭೪ರಲ್ಲಿ ಏರ್ಪಡಿಸಿದ್ದ ಏಕಾಂಗಿ ಗಾಯನವು ನಿಯಮಾನುಸಾರವಾಗಿಯೂ ಅತ್ಯಂತ ಯಶಸ್ವಿಯಾಗಿಯೂ ಜರುಗಿತು.

ಗಾಯಕ ಹುಮನಾಬಾದಿನ ಪಂಡರಿ. ಸಲಾವುದ್ದೀನರ ಬ್ಯಾಂಡಿನಲ್ಲಿ, ಮದುಮಗನ ಕುದುರೆಯ ಮುಂದೆ ನಡೆಯುತ್ತ ಹಾಡಿಯೇ ಅವನ ಅರ್ಧ ಆಯುಷ್ಯ ಕಳೆದಿತ್ತು. ಡೋಲು, ತುತ್ತೂರಿಗಳ ಗದ್ದಲದಲ್ಲಿ ಅವನ ದನಿ ಹೇಗಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಗಂಟಲಿಗೆ ವಿಶ್ರಾಂತಿ ಕೊಡುತ್ತಿದ್ದುದರಿಂದ ಹೆಂಡತಿ ಗಿರಿಜಾಬಾಯಿಗೂ ಗೊತ್ತಿರಲಿಲ್ಲ. ಸಾಯುವುದರೊಳಗೆ ಒಮ್ಮೆಯಾದರೂ ನಾಲ್ಕು ಜನ ತನ್ನ ದನಿ ಕೇಳಲಿ ಎಂದು ಅವನ ಜೀವ ಚಡಪಡಿಸುತ್ತಿತ್ತು. ಅದಕ್ಕೇ ಬ್ಯಾಂಡು ಬಿಟ್ಟ.

ವೇದಿಕೆಯ ಜಮಖಾನದ ಮೇಲೆ ಕುಳಿತು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ.

"ನಡೀಲಾರ್ದ ನನಗ ಹಾಡು ಬರಂಗಿಲ್ರಿ," ಎಂದ.

"ಹಂಗಾರ ನಡಕೋತ ಹಾಡ್ರಿ. ಕಲಾವಿದರಿಗೆ ಅನುಕೂಲ ಮಾಡೋದು ಸಂಘದ ಧರ್ಮ," ಎಂದರು ಕಾರ್ಯದರ್ಶಿ ಬಕ್ಕಪ್ಪನವರು.

ಪಂಡರಿ ಬೀದಿಗಿಳಿದ. ಪ್ರೇಕ್ಷಕರು ಹಿಂಬಾಲಿಸಿದರು. ಅಷ್ಟರಲ್ಲಿ ಪೊಲೀಸ್ ಜಮಾದಾರ ಅಡ್ಡಬಂದ. ಅನುಮತಿಯಿಲ್ಲದೆ ಹೊರಡಬಹುದಾದದ್ದು ಮದುವೆ ಮೆರವಣಿಗೆ ಮಾತ್ರವಂತೆ.

"ಮದುಮಗ ಎಲ್ಲದಾನ್ರಿ?" ಎಂದು ಕೇಳಿದ.

ಸಂಘವು ಬೀದಿಯಲ್ಲಿಯೇ ತುರ್ತು ಸಭೆ ಸೇರಿ, ಅರವತ್ತು ದಾಟಿದ ವಿಧುರರಾದ ಬಕ್ಕಪ್ಪನವರನ್ನು ಮದುಮಗನ ಸ್ಥಾನಕ್ಕೆ ಸರ್ವಾನುಮತದಿಂದ ಆರಿಸಿತು. ಅವರು ಒಲ್ಲೆ ಎನ್ನಲಿಲ್ಲ. ಬಾಸಿಂಗ ಕಟ್ಟಿಸಿಕೊಂಡು, ಬಾಡಿಗೆಗೆ ತರಿಸಿದ ಕುದುರೆ ಏರಿದರು.

"ಬಾಜಾ ಇಲ್ಲದ ಬಾರಾತ್ ನಾ ಎಲ್ಲೂ ನೋಡಿಲ್ಲ. ಶಕ್ ಬರ್ತದ," ಎಂದ ಜಮಾದಾರ.

ಕೂಡಲೇ ಹುಮನಾಬಾದಿಗೆ ಜೀಪು ಹೋಯಿತು. ಸಲಾವುದ್ದೀನರು ತಂಡಸಮೇತ ಬಂದಿಳಿದು ಪಂಡರಿಯನ್ನು ಅಪ್ಪಿಕೊಂಡರು. "ನೀ ಬಿಂದಾಸ್ ಹಾಡೋ ಭಾಯಿ. ನಾವು ಹಗೂರಕ ಬಾರಸ್ತೀವಿ."

ಹಗುರವಾಗಿ ಬಾರಿಸುವುದು ಆ ತಂಡಕ್ಕೆ ಗೊತ್ತಿರಲಿಲ್ಲ. ಕಾಲು ಎತ್ತಿಟ್ಟ ಕೂಡಲೇ ಪಂಡರಿಯ ಗಂಟಲು ತೆರೆಯಿತು. ಜನ್ಮದಲ್ಲಿ ಹಾಡದಷ್ಟು ಚೆನ್ನಾಗಿ ಹಾಡಿದ. ಆ ವಿಷಯ ಅವನೊಬ್ಬನಿಗೇ ತಿಳಿಯಿತು, ಪಾಪ.

ಕೊನೆಗೆ ಧ್ವನಿವರ್ಧಕದಲ್ಲಿ ಪ್ರಕಟಣೆಯಾಯಿತು: "ಬ್ಯಾಂಡಿನ ಉಪಸ್ಥಿತಿಯನ್ನು ಸಂಘವು ಗಣನೆಗೆ ತೆಗೆದುಕೊಂಡಿರುವುದಿಲ್ಲ. ಆದಕಾರಣ ಗಾಯನವು ಏಕಾಂಗಿಯಾಗಿಯೇ ಜರುಗಿದೆ." ಜನ ಬಕ್ಕಪ್ಪನವರ ಮೇಲೆ ಅಕ್ಷತೆ ಹಾಕಿದರು. ಪಂಡರಿಗೆ ಶಾಲು ಹೊದಿಸಿದರು.

ಅವನು ಗುಂಪಿನಲ್ಲಿದ್ದ ಹೆಂಡತಿಯನ್ನು ಹುಡುಕಿಕೊಂಡು ಹೋದ. "ಗಿರಿಜಾ, ನನ್ನ ದನಿ ಹ್ಯಾಂಗಿತ್ತ?"

"ನನಗ ಬಾಜಾ ಅಷ್ಟೇ ಕೇಳಿಸ್ತರಿ," ಎಂದಳು ಗಿರಿಜಾಬಾಯಿ, ಕಣ್ಣೊರೆಸಿಕೊಳ್ಳುತ್ತ. "ಖರೆ, ಎಲ್ಲಾರೂ ಚಪ್ಪಾಳಿ ಹೊಡದ್ರು. ನಾನೂ ಹೊಡದೀನಿ."

ಪಂಡರಿ ಶಾಲು ಸರಿಮಾಡಿಕೊಂಡ.

"ಹಂಗಾರ ಚಲೋನೇ ಹಾಡೀನಿ," ಎಂದ.