ಮಾವನ ಬ್ಯಾಟರಿ

ನನ್ನ ಸೋದರಮಾವನ ಪಕ್ಕ ಕೂತು ಫೋನು ಹೊರತೆಗೆಯಲು ಗುಂಡಿಗೆ ಗಟ್ಟಿ ಇರಬೇಕು! ರಾಯಚೂರಿನ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಈ ಮನುಷ್ಯ ಎದುರಿನವರ ಮುಖಕ್ಕಿಂತ ಮೊದಲು ಅವರ ಬ್ಯಾಟರಿ ನೋಡುತ್ತಾನೆ.

ಮಾನ್ವಿಯಲ್ಲಿ ನನ್ನ ಮದುವೆಯ ಮಾತುಕತೆ. ವರನ ತಂದೆ ಚಹಾದ ಕಪ್ಪು ಎತ್ತಿದ್ದರಷ್ಟೇ.

"ವೈಫೈ, ಬ್ಲೂಟೂತು ಎರಡೂ ಚಾಲೂ ಇಟ್ಟೀರಲ್ರೀ, ಯಾರ ಸಲುವಾಗಿ?" ಎಂದ ಮಾವ, ಅವರ ಫೋನಿನೊಳಗೆ ಇಣುಕಿ.

"ನಮಗೇನ್ ಗೊತ್ರೀ, ಅಂಗಡ್ಯಾವ ಹಂಗ ಕೊಟ್ಟಾನ" ಎಂದು ಅವರು ತಬ್ಬಿಬ್ಬಾದರು.

ಸಂಬಂಧ ಮುರಿಯಿತೇ? ಇಲ್ಲ, ಎರಡೂ ಕಡೆಯವರ ಫೋನುಗಳನ್ನು ಮಾವ ಸರಿಪಡಿಸಿದ ಮೇಲೆ ಕೂಡಿಬಂತು!

ನನ್ನ ಅವ್ವನಿಗೂ ತಾಕೀತು ಮಾಡಿದ್ದ: "ಮೆಸೇಜು ಎಲ್ಲಾ ಒಂದ ಸಲ ಕಳಸು. ಪ್ರತಿ ಸಲ ಎಬ್ಬಿಸಿದ್ರ ಫೋನು ಮತ್ತ ಮಲಗಾಕ ಹೊತ್ತು ಹಿಡಿತದ, ಚಾರ್ಜು ತಿಂತದ." ಅಂದಿನಿಂದ ಅವ್ವ ತನ್ನ ಈ ಅಣ್ಣನಿಗೆ ಬೆಳಿಗ್ಗೆ ಆರಕ್ಕೇ ಗುಡ್ ನೈಟನ್ನೂ ಕಳಿಸಿಬಿಡುತ್ತಾಳೆ.

ರಜೆ ಬಂದರೆ ಎರಡು ಫೋನು ಹಿಡಿದು ದೇವದುರ್ಗದ ಬಸ್ಸು ಹತ್ತುವುದು, ಅದೇ ಬಸ್ಸಿನಲ್ಲಿ ಮರಳುವುದು.

"ಇಳಿಯಂಗಿಲ್ಲಾಂದ್ರ ಬಂದದ್ದ್ಯಾಕ್ರೀ ಸರ್?" ಎಂದು ಕಂಡಕ್ಟರ್ ಕೇಳಿದ್ದನಂತೆ.

ಮಾವ ಎರಡೂ ಫೋನಿನ ಪರ್ಸೆಂಟ್ ಬರೆದುಕೊಂಡು ವಾಪಸ್ ಟಿಕೆಟ್ ಕೇಳಿದ್ದನಂತೆ.

ಈ ಹುಚ್ಚು ಹುಟ್ಟಿನಿಂದ ಬಂದದ್ದಲ್ಲ. ಮಾವನ ಹೆಂಡತಿ, ನನ್ನ ಅತ್ತೆ, ಅದೇ ದೇವದುರ್ಗ ತಾಲೂಕಿನ ಜಾಲಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಟೀಚರಾಗಿದ್ದಳು. ಒಂದು ಸಂಜೆ ಶಾಲೆ ಬಿಟ್ಟು ರಸ್ತೆಯಲ್ಲಿ ಒಬ್ಬಳೇ ಬಸ್ಸಿಗೆ ಕಾಯುವಾಗ ಎದೆನೋವು ಬಂತು. ರಸ್ತೆಯಲ್ಲಿ ಸಿಗ್ನಲ್ ಇತ್ತು. ಆದರೆ ಸಿಗ್ನಲ್ ಇಲ್ಲದ ಶಾಲೆಯಲ್ಲಿ ದಿನವಿಡೀ ಟವರ್ ಹುಡುಕಿ ಹುಡುಕಿ ಫೋನು ಆಗಲೇ ಸತ್ತಿತ್ತು. ಬಸ್ಸು ಬರುವಷ್ಟರಲ್ಲಿ ಅತ್ತೆ ಇರಲಿಲ್ಲ.

ಮಣ್ಣು ಮಾಡಿ ಬಂದ ಮಾವ ಆ ಫೋನು ಚಾರ್ಜಿಗಿಟ್ಟು, ಅದರ ಪರದೆ ಬೆಳಗುವವರೆಗೂ ಎದುರು ಕೂತಿದ್ದ. ಸಂಶೋಧನೆ ಶುರುವಾದದ್ದು ಆಮೇಲೆ. ಸಿಗ್ನಲ್ ಇಲ್ಲದ ಕಡೆ ಒಂದೇ ಸಮನೆ ಹುಡುಕದೆ, ತಡೆದು ತಡೆದು ಹುಡುಕುವುದನ್ನು ಫೋನಿಗೆ ಕಲಿಸಬೇಕಿತ್ತು. ನಾವೋ, ಬೆನ್ನ ಹಿಂದೆ ನಗುತ್ತಿದ್ದೆವು.

ಹೋದ ತಿಂಗಳು ನನ್ನನ್ನೂ ಅದೇ ಶಾಲೆಗೆ ಕರೆದೊಯ್ದ. ಬೆಳಿಗ್ಗೆ ಎರಡೂ ಫೋನಿಗೆ ಪೂರ್ತಿ ಚಾರ್ಜು. ದಿನವಿಡೀ ಸ್ಟಾಫ್ ರೂಮಿನಲ್ಲಿ ಕೂತೆವು. ಸಂಜೆ ರಸ್ತೆಗೆ ಬಂದಾಗ ಒಂದು ಸತ್ತಿತ್ತು. ಮಾವ ಕಲಿಸಿದ್ದರಲ್ಲಿ ಇನ್ನೂ ಮೂವತ್ತೊಂದು ಪರ್ಸೆಂಟ್!

"ಮಾವಾ, ಗೆದ್ದಿ!" ಎಂದು ಕುಣಿದೆ.

ಮಾವ ಪರದೆ ಒರೆಸಿ ಮತ್ತೆ ನೋಡಿದ.

"ಮೂವತ್ತೊಂದು ಉಳದದ" ಎಂದ. "ಆಕಿಗಿ ಒಂದ ಬೇಕಾಗಿತ್ತು, ಯವ್ವಾ."

ಅವನ ಕೈ ಹಿಡಿದು ನಿಂತೆ. ದೂರದಿಂದ ಬಸ್ಸು ಬಂತು. ಇಬ್ಬರೂ ಕೈ ತೋರಿಸಲಿಲ್ಲ.