ಇದ್ದಲಿನ ಇಗರ್ಜಿ

ಮೂಲೆಯಲ್ಲಿ ಕುಳಿತು ಗೆರೆ ಎಳೆಯುವವಳನ್ನು ಅವಳ ಪಾಡಿಗೆ ಬಿಟ್ಟ ಊರನ್ನು ನಾನು ಇದುವರೆಗೆ ಕಂಡಿಲ್ಲ. ನಾನು ಓದಿದ್ದು ಮೂರನೆಯ ತರಗತಿಯವರೆಗೆ. ನಾಲ್ಕು ಜನರೆದುರು ಮಾತನಾಡಬೇಕೆಂದರೆ ನನ್ನ ನಾಲಿಗೆ ಒಣಗುತ್ತದೆ. ಆದ್ದರಿಂದ ಆಗ ನುಂಗಿಕೊಂಡ ಸಿಟ್ಟನ್ನು ಈಗ ಕಾಗದದ ಮೇಲೆ ಇಳಿಸುತ್ತಿದ್ದೇನೆ.

ವನಗೂರಿನ ಕಡೆಯ ಗುಡ್ಡವೊಂದರ ಮೇಲೆ ಬಿಳಿ ದೊರೆಗಳ ಕಾಲದ ಕಲ್ಲಿನ ಇಗರ್ಜಿಯಿತ್ತು. ನನ್ನ ಮದುವೆ, ಮಕ್ಕಳ ಜ್ಞಾನಸ್ನಾನ, ಮಾವನವರ ಕೊನೆಯ ಪೂಜೆ ಎಲ್ಲವೂ ಅಲ್ಲಿಯೇ ನಡೆದಿದ್ದವು. ಎಪ್ಪತ್ತರ ದಶಕದ ಕೊನೆಯಲ್ಲಿ ಅದನ್ನು ಕೆಡವಿ ಕಾಂಕ್ರೀಟಿನದನ್ನು ಕಟ್ಟುವುದೆಂದು ತೀರ್ಮಾನವಾಯಿತು. ಸಕಲೇಶಪುರದಿಂದ ಬಂದ ಫೋಟೋದವರ ರೀಲಿನಲ್ಲಿ ಬರಿಯ ಮಂಜು ಮೂಡಿತು. "ಒಂದು ಚಿತ್ರವಾದರೂ ಉಳಿಯಬೇಕಿತ್ತು" ಎಂದು ಫಾದರ್ ಭಾನುವಾರದ ಪ್ರವಚನದಲ್ಲಿ ಮರುಗಿದರು. ಕಾಫಿ ಸ್ಟೋರಿನಲ್ಲಿ ಬೀಜ ಆರಿಸುವ ಕೆಲಸದ ಬಿಡುವಿನಲ್ಲಿ, ಗೋಡೆಗೆ ಇದ್ದಲಿನಿಂದ ಗೀಚಿ ಕೈ ಪಳಗಿಸಿಕೊಂಡವಳು ನಾನು. ಈಸ್ಟರ್ ಮುಗಿದ ಸೋಮವಾರ ಕೆಡವುವ ದಿನ. ಅದರೊಳಗೆ ಇಗರ್ಜಿಯ ಒಂದೊಂದು ಕಲ್ಲನ್ನೂ ಕಾಗದಕ್ಕೆ ಇಳಿಸುವೆನೆಂದು ಮನಸ್ಸಿನಲ್ಲೇ ಹರಕೆ ಹೊತ್ತೆ.

ಇದ್ದಲು

ಚಿತ್ರಕ್ಕೆ ಎಲ್ಲ ಇದ್ದಲೂ ಆಗುವುದಿಲ್ಲ. ಕಾಫಿ ಗಿಡದಿಂದ ಸವರಿದ ಸಣ್ಣ ಕಡ್ಡಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿ, ಮುಚ್ಚಳಕ್ಕೆ ಮಣ್ಣು ಮೆತ್ತಿ, ಬಚ್ಚಲ ಒಲೆಯ ಕೆಂಡದಲ್ಲಿ ಹೂತಿಡಬೇಕು. ಬೆಂಕಿ ಹೆಚ್ಚಾದರೆ ಬೂದಿ, ಕಡಿಮೆಯಾದರೆ ಕಟ್ಟಿಗೆ. ಐದನೆಯ ಪ್ರಯತ್ನದಲ್ಲಿ ಒಂದಕ್ಕೊಂದು ತಟ್ಟಿದರೆ ಝಣಝಣ ಎನ್ನುವಂಥ ಕಡ್ಡಿಗಳು ದೊರೆತವು. ಸಂತೋಷದಿಂದ ಕಿಟಕಿಯಲ್ಲಿಟ್ಟು ಕೆಲಸಕ್ಕೆ ಹೋದೆ.

ಸಂಜೆ ಬಂದು ನೋಡಿದರೆ ಡಬ್ಬಿ ಖಾಲಿ. ಅತ್ತೆ ಅಷ್ಟನ್ನೂ ಉಪ್ಪಿನೊಂದಿಗೆ ಅರೆದು ಹಲ್ಲುಪುಡಿ ಮಾಡಿಟ್ಟಿದ್ದರು.

"ಅತ್ತೆ, ಅದು ಇಗರ್ಜಿಗೆ ಸುಟ್ಟಿದ್ದು!" ಎಂದೆ. ಅಳು ಬಂದಿತ್ತು.

ಅವರು ಹಲ್ಲು ಕಿರಿದು ತೋರಿಸಿದರು. "ಮತ್ತೆ ನಾನೇನು ಇದನ್ನ ಎಮ್ಮೆಗೆ ಉಜ್ಜಿದೆನಾ? ಭಾನುವಾರ ಪೂಜೆಗೆ ಇದೇ ಹಲ್ಲಿನಲ್ಲಿ ಹೋಗೋದು, ಮಾರಾಯ್ತಿ."

ಅಳತೆ

ಗೋಪುರದ ಎತ್ತರ ಹಿಡಿಯಲು ಕೈಯನ್ನು ಚಾಚಿ, ಒಂದು ಕಣ್ಣು ಮುಚ್ಚಿ, ಮತ್ತೆ ಸುಟ್ಟುಕೊಂಡ ಇದ್ದಲು ಕಡ್ಡಿಯನ್ನು ನೆಟ್ಟಗೆ ಹಿಡಿದು ನೋಡುವುದು ನನ್ನ ಕ್ರಮ. ಇಗರ್ಜಿಯ ಬೇಲಿಯಾಚೆ ಗದ್ದೆಯಿರುವ ಪಕ್ಕದ ಹಳ್ಳಿಯ ರೈತರೊಬ್ಬರು ಇದನ್ನು ಎರಡು ದಿನ ದೂರದಿಂದ ಗಮನಿಸಿದರು. ಮೂರನೆಯ ದಿನ ಒಂದು ಬಾಳೆಗೊನೆ ತಂದು ನನ್ನ ಪಕ್ಕದಲ್ಲಿಟ್ಟರು.

"ಅಮ್ಮಾರೇ, ಅಳ್ತೆ ಎಲ್ಲೀಗಂಟ ಬಂತು?"

"ಇದು ಸರ್ವೆಯಲ್ಲ, ಚಿತ್ರ" ಎಂದೆ.

"ಆಯ್ತು ಬುಡಿ, ಸರ್ವೆಯವ್ರು ಯಾವತ್ತು ಬಾಯ್ಬಿಟ್ಟು ಹೇಳವ್ರೆ? ಬೇಲಿನ ಎರಡಡಿ ಆ ಕಡೀಕೆ ತಳ್ಬುಡಿ, ಅಷ್ಟೇಯ."

ನಾನು ಬಾಳೆಗೊನೆಯನ್ನು ಅವರತ್ತ ನೂಕಿ, ಚಿತ್ರದ ಹಲಗೆಯನ್ನು ತಿರುಗಿಸಿ ತೋರಿಸಿದೆ. ಅವರು ಬಗ್ಗಿ ಬಹಳ ಹೊತ್ತು ನೋಡಿದರು. ಗೋಪುರವನ್ನು ನೋಡಲಿಲ್ಲ, ಕಮಾನುಗಳನ್ನು ನೋಡಲಿಲ್ಲ. ಮೂಲೆಯ ಬೇಲಿಯ ಮೇಲೆ ಬೆರಳಿಟ್ಟರು. ಬೆರಳಿನ ಗುರುತು ಅಲ್ಲಿ ಮೂಡಿತು.

"ಸರಿ. ಚಿತ್ರದಾಗಾದ್ರೂ ತಳ್ಬುಡಿ ಅಮ್ಮಾರೇ. ನಾಳೆ ತಕರಾರು ಬಂದ್ರೆ ತೋರ್ಸಾಕಾಯ್ತದೆ."

ಬಿರುಕು

ಗೋಪುರದ ಎಡಗಡೆ ದೊಡ್ಡದೊಂದು ಬಿರುಕಿತ್ತು. ಇದ್ದುದನ್ನು ಇದ್ದಂತೆ ಬರೆದೆ. ನಮ್ಮ ಗುರಿಕಾರರು, ಎಂದರೆ ಇಗರ್ಜಿಯ ವ್ಯವಹಾರ ನೋಡಿಕೊಳ್ಳುವ ಹಿರಿಯರು, ನೋಡಿ ಕೆಂಡವಾದರು.

"ಇದೇನಿದು, ದೇವರ ಮನೆಗೆ ಗಾಯ ಮಾಡಿದ್ದೀಯಲ್ಲ! ಬಿಷಪರು ನೋಡಿದರೆ ನಾವು ಇಷ್ಟು ವರ್ಷ ಮಲಗಿದ್ದೆವು ಅಂದ್ಕೊಳ್ಳಲ್ವಾ? ಅಳಿಸು."

ನಾನು ನೆಲ ನೋಡುತ್ತಲೇ ಕೇಳಿದೆ: "ಬಿರುಕೇ ಇಲ್ಲದಿದ್ದರೆ ಕೆಡವುವುದು ಯಾಕೆಂದು ಬಿಷಪರು ಕೇಳುವುದಿಲ್ಲವೇ?"

ಗುರಿಕಾರರು ಮೀಸೆ ತಿರುವುತ್ತ ಒಂದು ಸುತ್ತು ಹಾಕಿ ಬಂದರು.

"ಹೌದಲ್ಲ. ಹಾಗಾದರೆ ಬಲಗಡೆಗೂ ಎರಡು ಹಾಕು."

ನಾನು ಹಾಕಲಿಲ್ಲ. ಅದಕ್ಕೆ ನನ್ನನ್ನು ಹಟಮಾರಿ ಎಂದರು.

ಸ್ವಚ್ಛತೆ

ಶುಭ ಶುಕ್ರವಾರದ ಹೊತ್ತಿಗೆ ಚಿತ್ರ ಮುಗಿಯಿತು. ದಪ್ಪ ಕಾಗದವನ್ನು ಹಲಗೆಗೆ ಅಂಟಿಸಿದ್ದೆ. ಗಾಜು ಇನ್ನೂ ಹಾಕಿಸಿರಲಿಲ್ಲ. ಫಾದರ್ ಅದನ್ನು ತಮ್ಮ ಕೋಣೆಯ ಮೇಜಿನ ಮೇಲೆ ಗೋಡೆಗೆ ಒರಗಿಸಿಟ್ಟರು. ಮರುದಿನ ಹಬ್ಬದ ತಯಾರಿಗೆಂದು ಹೆಂಗಸರೆಲ್ಲ ಇಗರ್ಜಿಯನ್ನು ತೊಳೆಯುವುದು ನಮ್ಮಲ್ಲಿನ ವಾಡಿಕೆ. ಫಾದರ್ ಅವರ ಕೋಣೆ ನಮ್ಮ ನೆರೆಮನೆಯಾಕೆಯ ಪಾಲಿಗೆ ಬಂತು. ಕೆಲಸದಲ್ಲಿ ಆಕೆ ಬಲು ಶ್ರದ್ಧಾವಂತೆ.

ಮಧ್ಯಾಹ್ನ ಆಕೆಯೇ ಬಕೆಟ್ ಹಿಡಿದು ಎದುರಿಗೆ ಬಂದಳು. ನೀರು ಕಪ್ಪಗಿತ್ತು.

"ಅಬ್ಬಾ, ಎಷ್ಟು ಮಸಿ ಮಾರಾಯ್ತಿ! ಮೇಜಿನ ಮೇಲೊಂದು ಹಲಗೆ ಇತ್ತು, ನೂರು ವರ್ಷದ ಕೊಳೆ. ಮೂರು ಸಲ ನೀರು ಬದಲಾಯಿಸಿದೆ. ಅಡಿಯಲ್ಲಿ ಎಂಥ ಬೆಳ್ಳನೆ ಕಾಗದ ಇತ್ತು ಗೊತ್ತಾ?"

ಇಡೀ ಇಗರ್ಜಿ ಆ ಬಕೆಟ್ಟಿನಲ್ಲಿತ್ತು.

ಸೋಮವಾರ ಬೆಳಿಗ್ಗೆ ಹಾರೆ ಹಿಡಿದ ಆಳುಗಳು ಬರುವ ಮೊದಲೇ ನಾನು ಹೋಗಿ ಇಗರ್ಜಿಯ ಬಾಗಿಲಲ್ಲಿ ನಿಂತೆ. "ನಾನು ಮತ್ತೆ ಬರೆದು ಮುಗಿಸುವವರೆಗೆ ಒಂದು ಕಲ್ಲನ್ನೂ ಮುಟ್ಟಬಾರದು" ಎಂದೆ. ನಲವತ್ತೆರಡು ವರ್ಷಗಳಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ನನ್ನ ದನಿ ಕೇಳಿ ನನಗೇ ಹೆದರಿಕೆಯಾಯಿತು.

"ಒಂದು ಹೆಂಗಸಿನ ಗೀಚಾಟಕ್ಕೆ ಇಷ್ಟು ಆಳು ಸುಮ್ಮನೆ ಕೂರಬೇಕೇನ್ರೀ?" ಎಂದು ಗುರಿಕಾರರು ಕೂಗಾಡಿದರು. ಫಾದರ್ ನನ್ನ ಮುಖವನ್ನೊಮ್ಮೆ ನೋಡಿ, "ಎಂಟು ದಿನ" ಎಂದರು.

ಎಂಟನೆಯ ದಿನ ಚಿತ್ರ ಮುಗಿಯಿತು. ಬಾಳ್ಳುಪೇಟೆಯಿಂದ ಗಾಜು ತರಿಸಿ ಮುಚ್ಚಿದ ಮೇಲಷ್ಟೇ ಮೊದಲ ಕಲ್ಲು ಉರುಳಿತು. ಹೊಸ ಇಗರ್ಜಿಯ ಉದ್ಘಾಟನೆಗೆ ಬಿಷಪರು ಬಂದರು, ಚಿತ್ರದ ಮುಂದೆ ಬಹಳ ಹೊತ್ತು ನಿಂತು, "ಇದನ್ನು ಬರೆದವರು ಯಾರು?" ಎಂದು ವಿಚಾರಿಸಿದರು. ನಾನು ಕಂಬದ ಹಿಂದೆ ಸರಿದೆ. ಅಷ್ಟರಲ್ಲಿ ನೆರೆಮನೆಯಾಕೆ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು.

"ಬರೆದಿದ್ದು ಅವಳೇ ಸ್ವಾಮಿ. ಆದರೆ ಇದರಲ್ಲಿ ನನ್ನ ಕೈಯೂ ಇದೆ. ಮೊದಲನೆಯದನ್ನ ನಾನು ಒರೆಸಿ ಹಾಕದೆ ಇದ್ದಿದ್ರೆ ಇದು ಇಷ್ಟು ಚೆನ್ನಾಗಿ ಬರ್ತಾನೇ ಇರಲಿಲ್ಲ."

ಬಿಷಪರು ಆಕೆಯನ್ನೂ ಆಶೀರ್ವದಿಸಿದರು. ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ, ಏಕೆಂದರೆ ಅವಳು ಹೇಳಿದ್ದು ನಿಜ.